ಒಂದು ಕಮ್ಮಿ ನಲವತ್ತು

ಹೋಳೂರಿನ ಪ್ಯಾರೇಸಾಬನನ್ನು "ಎಷ್ಟು ಮೇಕೆ ಇವೆ?" ಎಂದು ಕೇಳಿದರೆ ವರ್ಷದಲ್ಲಿ ಹನ್ನೊಂದು ತಿಂಗಳು ಒಂದು ಉತ್ತರ ಸಿಗುತ್ತಿತ್ತು, ರಂಜಾನ್ ಹತ್ತಿರ ಬಂದಾಗ ಇನ್ನೊಂದು. ಹನ್ನೊಂದು ತಿಂಗಳು ಮೀಸೆಯ ಮೇಲೆ ಕೈಯಾಡಿಸಿ "ಐವತ್ತಕ್ಕೆ ಮೋಸ ಇಲ್ಲ" ಅನ್ನುತ್ತಿದ್ದ. ರಂಜಾನ್ ತಿಂಗಳು ಎದುರಿಗೆ ಬಂತೆಂದರೆ ಅವನ ದನಿ ಇಳಿಯುತ್ತಿತ್ತು. "ಎಲ್ಲಿ ಬಂತು ಬಿಡಿ, ಒಂದು ಕಮ್ಮಿ ನಲವತ್ತು."

ಈ ಒಂದು ಕಮ್ಮಿಗೆ ಕಾರಣವಾದದ್ದು ನಾಲ್ಕು ವರ್ಷದ ಹಿಂದಿನ ಒಂದು ಶುಕ್ರವಾರ. ಕೋಲಾರದಿಂದ ಬಂದಿದ್ದ ಮೌಲ್ವಿಯೊಬ್ಬರು ಜುಮ್ಮಾ ನಮಾಜಿಗೆ ಮುಂಚೆ ಜಕಾತಿನ ವಿಚಾರ ಮಾತಾಡಿದ್ದರು. ಉಳ್ಳವರು ವರ್ಷಕ್ಕೊಮ್ಮೆ ತಮ್ಮ ಸ್ವತ್ತಿನಲ್ಲಿ ಇಂತಿಷ್ಟು ಪಾಲನ್ನು ಇಲ್ಲದವರಿಗೆ ಕೊಡಲೇಬೇಕು, ಅದು ನಮಾಜು ರೋಜಾದಷ್ಟೇ ಕಡ್ಡಾಯ, ಮನಸ್ಸು ಬಂದಾಗ ಮಾಡುವ ದಾನವಲ್ಲ ಎಂದು ಹೇಳಿ, ಬಯಲಲ್ಲಿ ಮೇಯುವ ಕುರಿ ಮೇಕೆಗಳ ಲೆಕ್ಕಕ್ಕೆ ಬಂದರು. "ನಲವತ್ತಕ್ಕೆ ಒಂದು. ನಲವತ್ತಕ್ಕೆ ಒಂದೇ ಒಂದು ಕಮ್ಮಿಯಿದ್ದರೂ ಏನೂ ಕೊಡಬೇಕಾಗಿಲ್ಲ." ಅಷ್ಟು ಕೇಳಿದ್ದೇ ತಡ, ಪ್ಯಾರೇಸಾಬನ ಮನಸ್ಸು ಮಸೀದಿಯಿಂದೆದ್ದು ಮೇಕೆ ದೊಡ್ಡಿಗೆ ಹೋಗಿ ಎಣಿಸಲು ಕೂತುಬಿಟ್ಟಿತು. ಮೌಲ್ವಿ ಆಮೇಲೆ ಹೇಳಿದ್ದು ಒಂದೂ ಅವನ ಕಿವಿಗೆ ಬೀಳಲಿಲ್ಲ.

ಹಾಗೆಂದು ಅವನು ಕೆಟ್ಟ ಮನುಷ್ಯನಲ್ಲ. ಮನೆ ಮುಂದೆ ಹೋಗುವವರನ್ನು ಕರೆದು ಟೀ ಕೊಡುತ್ತಿದ್ದ. ಯಾರ ಮಗುವಿಗೆ ಕೆಮ್ಮಾದರೂ ಲೋಟ ತುಂಬ ಮೇಕೆ ಹಾಲು ಕರೆದು ಕಳಿಸುತ್ತಿದ್ದ. ಆದರೆ ಮೇಕೆಯನ್ನೇ ಕೊಡು ಅಂದರೆ ಅವನಿಗೆ ಕೈಬೆರಳು ಕೇಳಿದ ಹಾಗಾಗುತ್ತಿತ್ತು. ಪ್ರತಿಯೊಂದಕ್ಕೂ ಅವನಿಟ್ಟ ಹೆಸರಿತ್ತು. ಸುರ್ಮಾ, ಚಾಂದನಿ, ಜಿಲೇಬಿ, ನವಾಬ. ಹೆಸರಿಟ್ಟದ್ದನ್ನು ಹೇಗೆ ಕೊಡುವುದು ಎನ್ನುವುದು ಅವನ ಪ್ರಶ್ನೆ.

ಹೀಗಾಗಿ ಪ್ರತಿ ವರ್ಷ ರಂಜಾನ್ ಚಂದ್ರ ಕಾಣುವ ಹಿಂದಿನ ದಿನ, ನಲವತ್ತಕ್ಕೆ ಒಂದು ಕಮ್ಮಿಯಾಗುವಷ್ಟು ಬಿಟ್ಟು ಮಿಕ್ಕ ಮೇಕೆಗಳನ್ನು ಪಕ್ಕದ ಮುನಿಯಲ್ಲಮ್ಮನ ಹೊಲಕ್ಕೆ ಹೊಡೆಯುತ್ತಿದ್ದ. ಮುನಿಯಲ್ಲಮ್ಮ ರಾಗಿ, ಹಿಪ್ಪುನೇರಳೆ ಬೆಳೆದುಕೊಂಡು ತಾನೇ ಹೊಲ ನೋಡಿಕೊಳ್ಳುತ್ತಿದ್ದ ಗಟ್ಟಿ ಹೆಂಗಸು. ಹೊಲಕ್ಕೆ ನಾಲ್ಕು ದಿನ ಪುಕ್ಕಟೆ ಗೊಬ್ಬರ ಬೀಳುತ್ತದಲ್ಲ ಎಂದು ಅವಳೂ ಸುಮ್ಮನಿದ್ದಳು. ಚಂದ್ರ ಕಂಡು ಲೆಕ್ಕದ ದಿನ ದಾಟಿದ ಮೇಲೆ ಮೇಕೆಗಳು ಮನೆಗೆ ವಾಪಸ್. ಗಂಡನ ಈ ಕಸರತ್ತು ನೋಡಿ ಹೆಂಡತಿ ಜೈತುನ್‌ಬಿ ಪ್ರತಿ ವರ್ಷ ಹಣೆ ಚಚ್ಚಿಕೊಳ್ಳುತ್ತಿದ್ದಳು.

"ದೇವರ ಕಣ್ಣಿಗೆ ಮುನಿಯಲ್ಲಕ್ಕನ ಬೇಲಿ ಅಡ್ಡ ಬರ್ತದೇನ್ರೀ?"

"ನಿಂಗೊತ್ತಾಗಲ್ಲ ಸುಮ್ನಿರು. ಇದು ಕಾನೂನು."

ಎಪ್ಪತ್ತೇಳನೇ ಇಸವಿಯಲ್ಲಿ ಮಸೀದಿಯಲ್ಲಿ ನಮಾಜು ಮಾಡಿಸಲು ಮುಳಬಾಗಿಲಿನಿಂದ ಹೊಸ ಹಜರತ್ ಬಂದರು. ಯೂನುಸ್ ಎಂದು ಹೆಸರು, ಮೂವತ್ತು ದಾಟದ ವಯಸ್ಸು. ಗಂಭೀರವಾಗಿ ಮಾತಾಡುತ್ತಿದ್ದರೂ ಕಣ್ಣಿನ ಮೂಲೆಯಲ್ಲಿ ಒಂದು ನಗು ಸದಾ ಕಾಯುತ್ತಿರುತ್ತಿತ್ತು. ಆ ವರ್ಷ ರಂಜಾನಿಗೆ ಮುಂಚೆ ಒಂದು ಸಂಜೆ ಅವರು ಪ್ಯಾರೇಸಾಬನ ಮನೆಗೆ ಟೀ ಕುಡಿಯಲು ಬಂದು ಜಗಲಿಯ ಮೇಲೆ ಕೂತಿದ್ದರು. ಮಾರನೆಯ ದಿನ ಚಂದ್ರ ಕಾಣುವ ನಿರೀಕ್ಷೆ. ಹನ್ನೊಂದು ಮೇಕೆಗಳು ಆಗಲೇ ಬೇಲಿಯಾಚೆ ಹೋಗಿದ್ದವು.

"ಎಷ್ಟಿವೆ ಚಾಚಾ?" ಎಂದು ಕೇಳಿದರು ಹಜರತ್.

"ಒಂದು ಕಮ್ಮಿ ನಲವತ್ತು."

ಅಷ್ಟರಲ್ಲಿ ಮುನಿಯಲ್ಲಮ್ಮನ ಹೊಲದ ಕಡೆಯಿಂದ ಒಂದು ಮರಿ "ಮ್ಯಾ" ಅಂದಿತು. ದೊಡ್ಡಿಯೊಳಗಿದ್ದ ಚಾಂದನಿ ಕಿವಿ ನಿಗುರಿಸಿ ಓಗೊಟ್ಟಳು. ಆಚೆಯಿಂದ ಎರಡು ಮರಿ ಸೇರಿಕೊಂಡವು, ಈಚೆಯಿಂದ ಜಿಲೇಬಿ. ಪ್ಯಾರೇಸಾಬ ಅವಸರದಲ್ಲಿ ಕೆಲವು ತಾಯಿಗಳನ್ನು ದೊಡ್ಡಿಯಲ್ಲೇ ಬಿಟ್ಟು ಅವುಗಳ ಮರಿಗಳನ್ನೂ ಆಚೆ ಹೊಡೆದಿದ್ದ. ಎರಡು ನಿಮಿಷದೊಳಗೆ ಬೇಲಿಯ ಎರಡೂ ಕಡೆ ಎಂಥ ಗಲಾಟೆ ಎದ್ದಿತೆಂದರೆ ಹಜರತ್ ಟೀ ಲೋಟವನ್ನು ಕೆಳಗಿಡಬೇಕಾಯಿತು.

"ಆ ಮೇಕೆಗಳಿಗೂ ಈ ಮೇಕೆಗಳಿಗೂ ಒಳ್ಳೇ ಪರಿಚಯ ಇದ್ದ ಹಾಗಿದೆ" ಅಂದರು.

ಬಾಗಿಲ ಮರೆಯಲ್ಲಿದ್ದ ಜೈತುನ್‌ಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪ್ಯಾರೇಸಾಬ ಬೇರೆ ದಾರಿ ಕಾಣದೆ ನಿಜ ಹೇಳಿದ. ಹಜರತ್ ಬೈಯಲಿಲ್ಲ. "ಚಾಚಾ, ಇನ್ನೊಬ್ಬರ ಹೊಲದಲ್ಲಿ ನಿಲ್ಲಿಸಿದರೆ ಲೆಕ್ಕದಿಂದ ಹೋಗೋದಿಲ್ಲ. ಅವು ನಿಮ್ಮವೇ. ಐವತ್ತಿವೆ, ಒಂದು ಕೊಡಬೇಕು" ಅಂದರಷ್ಟೆ.

"ನಂದಲ್ಲ ಅಂತ ಆಗಬೇಕಾದ್ರೆ ಏನು ಮಾಡಬೇಕು?"

"ಮನಸಾರೆ ಕೊಟ್ಟುಬಿಡಬೇಕು. ತಗೊಳ್ಳೋರು ಒಪ್ಪಿ ತಗೋಬೇಕು. ಆಮೇಲೆ ಅವು ಅವರವು."

"ಅಷ್ಟೇ ತಾನೇ?" ಎಂದು ಪ್ಯಾರೇಸಾಬ ಎದ್ದೇಬಿಟ್ಟ.

"ಚಾಚಾ, ಕೊಡಬೇಕಾಗಿರೋದು ಒಂದು. ನೀವು ಕೊಡೋಕೆ ಹೊರಟಿರೋದು ಹನ್ನೊಂದು."

ಪ್ಯಾರೇಸಾಬ ಕೇಳಿಸಿಕೊಳ್ಳಲಿಲ್ಲ. ನಾಲ್ಕು ವರ್ಷದಿಂದ ವಾಪಸ್ ಬಂದಿರುವ ಮೇಕೆಗಳು ಈ ವರ್ಷ ಎಲ್ಲಿ ಹೋಗುತ್ತವೆ? ಬೇಲಿಯ ಹತ್ತಿರ ಹೋಗಿ ಕೂಗಿ ಹೇಳಿದ. "ಮುನಿಯಲ್ಲಕ್ಕಾ! ಈ ಹನ್ನೊಂದು ಮೇಕೆ ಇವತ್ತಿಂದ ನಿಂದು. ನಾನು ಕೊಟ್ಟೆ. ಹಜರತ್ ಇಲ್ಲೇ ಇದ್ದಾರೆ, ಅವರೇ ಸಾಕ್ಷಿ!"

ಹೊಲದ ಗುಡಿಸಲ ಮುಂದೆ ಒಲೆ ಹೂಡಿ ಮುದ್ದೆ ತಿರುವುತ್ತಿದ್ದ ಮುನಿಯಲ್ಲಮ್ಮ ತಲೆಯನ್ನೂ ಎತ್ತಲಿಲ್ಲ. "ಸರ್ಲೇ ಪೋ ಸಾಬಣ್ಣ, ಮುದ್ದೆ ಗಂಟಾಗ್ತದೆ" ಎಂದು ತೆಲುಗು ಬೆರೆಸಿ, ಸರಿ ಹೋಗು ಎಂಬಂತೆ ಕೈ ಬೀಸಿದಳು.

"ಕೇಳಿದ್ರಾ ಹಜರತ್? ಒಪ್ಕೊಂಡ್ಳು!"

ಮಾರನೆಯ ದಿನ ಚಂದ್ರ ಕಂಡಿತು. ಬಸ್ ನಿಲ್ದಾಣದ ಬಳಿ ಸಿಕ್ಕಿದವರಿಗೆಲ್ಲ ಪ್ಯಾರೇಸಾಬ ತನ್ನ ಜಾಣತನ ಹೇಳಿಕೊಂಡು ತಿರುಗಿದ. "ಎಲ್ಲ ಕಾನೂನು ಪ್ರಕಾರ. ಹಜರತ್ ಎದುರಿಗೇ ಕೊಟ್ಟಿದ್ದೀನಿ."

ಅದೇ ಹೊತ್ತಿಗೆ ಬಾವಿಯ ಹತ್ತಿರ ಜೈತುನ್‌ಬಿ ಮತ್ತು ಮುನಿಯಲ್ಲಮ್ಮ ಬಿಂದಿಗೆ ಕೆಳಗಿಟ್ಟು ಬಹಳ ಹೊತ್ತು ಮಾತಾಡಿದರು. ಮುನಿಯಲ್ಲಮ್ಮನಿಗೆ ಒಂದು ಹಳೆಯ ಸಿಟ್ಟಿತ್ತು. ಹಿಂದಿನ ವರ್ಷ ಅವಳ ರೇಷ್ಮೆ ಹುಳು ಗೂಡು ಕಟ್ಟಲು ನಾಲ್ಕು ದಿನ ಇರುವಾಗ, ಹುಳು ಹಗಲೂ ರಾತ್ರಿ ಮೇಯುವ ಸಮಯದಲ್ಲಿ, ಪ್ಯಾರೇಸಾಬನ ಮೇಕೆಗಳು ಬೇಲಿ ನುಗ್ಗಿ ಹಿಪ್ಪುನೇರಳೆ ಸೊಪ್ಪನ್ನು ಬೋಳಿಸಿದ್ದವು. ಕೇಳಲು ಹೋದರೆ ಪ್ಯಾರೇಸಾಬ "ಮೂಕ ಪ್ರಾಣಿಗೆ ಏನು ತಿಳೀತದಕ್ಕ" ಎಂದು ನಕ್ಕು ಟೀ ಕೊಟ್ಟು ಕಳಿಸಿದ್ದ. ಜೈತುನ್‌ಬಿಗೆ ಬೇರೆಯದೇ ಸಂಕಟ. ಬೀದಿಯ ಕೊನೆಯಲ್ಲಿ ಖಾಸಿಂಬಿ ಎಂಬ ಮುದುಕಿ ಇದ್ದಳು. ಗಂಡನಿಲ್ಲ, ಮಕ್ಕಳಿಲ್ಲ, ಹಳೆ ಸೀರೆಗಳಿಂದ ಕೌದಿ ಹೊಲಿದುಕೊಟ್ಟು ಬದುಕುತ್ತಿದ್ದಳು. ಮನೆ ತುಂಬ ಮೇಕೆ ಇಟ್ಟುಕೊಂಡು ಅವಳ ಮುಂದೆ ನಡೆದುಹೋಗಲು ಜೈತುನ್‌ಬಿಗೆ ನಾಚಿಕೆಯಾಗುತ್ತಿತ್ತು.

"ಈ ಸಲ ವಾಪಸ್ ಕೊಡಬೇಡಕ್ಕ" ಅಂದಳು.

"ಕೊಡ್ತೀನಾ? ನೀ ನೋಡ್ತಿರು ಜೈತುನಮ್ಮ" ಅಂದಳು ಮುನಿಯಲ್ಲಮ್ಮ.

ರೋಜಾದ ನಾಲ್ಕನೆಯ ದಿನ ಬೆಳಿಗ್ಗೆ ಪ್ಯಾರೇಸಾಬ ಕೋಲು ಹಿಡಿದು ಹೊಲಕ್ಕೆ ಹೋದ. ಹನ್ನೊಂದು ಮೇಕೆಗಳ ಕೊರಳಿಗೂ ಅರಿಸಿನದ ದಾರ ಬಿದ್ದಿತ್ತು. ಅವನು ಬಾಯಿಂದ "ಟುರ್ರ್" ಎಂದು ಸದ್ದು ಮಾಡಿ ಕರೆಯುತ್ತಿದ್ದಂತೆ ಮುನಿಯಲ್ಲಮ್ಮ ಕುಡುಗೋಲು ಹಿಡಿದು ಸೊಪ್ಪಿನ ಸಾಲಿನಿಂದ ಹೊರಗೆ ಬಂದಳು.

"ಏಂ ಸಾಬಣ್ಣ, ನನ್ನ ಮೇಕೆ ಎಲ್ಲಿಗೆ ಹೊಡೀತಾ ಇದ್ದೀಯಾ?"

"ಮನೇಗಕ್ಕ."

"ಯಾರ ಮನೇಗೆ?"

ಪ್ಯಾರೇಸಾಬ ನಕ್ಕ. ಅವಳು ನಗಲಿಲ್ಲ. ಅವನ ನಗು ನಿಧಾನವಾಗಿ ಒಣಗಿತು.

"ಹಜರತ್ ಎದುರಿಗೆ ಕೊಟ್ಟೆ ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ದೀಯ. ನಾನೂ ಲೆಕ್ಕ ಹಾಕಿಟ್ಟಿದ್ದೀನಿ. ಎರಡು ಮಾಸ್ತೀಲಿರೋ ನನ್ನ ಮಗಳ ಮನೇಗೆ. ಬಾಣಂತಿ, ಹಾಲಿಗಾಗ್ತದೆ. ಒಂದು ಹೋದ್ವರ್ಷದ ಸೊಪ್ಪಿನ ಬಾಬ್ತು. ಇಗೋ ಈ ಕರೀ ಹೋತ ಗಂಗಮ್ಮನಿಗೆ ಹರಕೆ."

"ನವಾಬನ್ನಾ?" ಪ್ಯಾರೇಸಾಬ ಹೋತದ ಕೊರಳನ್ನು ತಬ್ಬಿಕೊಂಡ.

"ನವಾಬ ಅಂತ ಹೆಸರಾ ಇದಕ್ಕೆ? ಒಳ್ಳೇದೇ ಆಯ್ತು. ಗಂಗಮ್ಮ ಸಂತೋಷ ಪಡ್ತಾಳೆ."

ನವಾಬ ಏನೂ ತಿಳಿಯದೆ ಹಳೆಯ ಯಜಮಾನನ ಲುಂಗಿಯ ಅಂಚು ಅಗಿಯುತ್ತ ನಿಂತಿದ್ದ. ಪ್ಯಾರೇಸಾಬ ಅಲ್ಲಿಂದ ನೇರ ಮಸೀದಿಗೆ ಓಡಿದ.

ಹಜರತ್ ಬಾವಿಕಟ್ಟೆಯ ಮೇಲೆ ಕೂತು ಓದುತ್ತಿದ್ದರು. ಅವನು ಹೇಳಿದ್ದನ್ನೆಲ್ಲ ಕೇಳಿ ಪುಸ್ತಕ ಮುಚ್ಚಿದರು.

"ಸಂತೋಷ ಪಡಿ ಚಾಚಾ. ಚಂದ್ರ ಕಂಡ ದಿನ ನಿಮ್ಮ ಹತ್ತಿರ ಮೂವತ್ತೊಂಬತ್ತೇ ಇದ್ದವು. ನಿಮ್ಮ ಮೇಲೆ ಜಕಾತ್ ಇಲ್ಲ."

"ಹಂಗನ್ನಬೇಡಿ ಹಜರತ್."

"ಮನಸ್ಸಿದ್ದರೆ ಬಡವರಿಗೆ ಕೊಡಿ ಅಂತ ಹೇಳಬಹುದು. ಆದರೆ ಕಡ್ಡಾಯ ಅನ್ನೋಕಾಗಲ್ಲ."

"ಕಡ್ಡಾಯ ಅನ್ನಿ ಹಜರತ್! ನಿಮಗೆ ಕೈ ಮುಗೀತೀನಿ. ನನ್ನ ಮೇಲೆ ಜಕಾತ್ ಇದೆ ಅಂತ ಒಂದು ಮಾತು ಹೇಳಿಬಿಡಿ!"

ಹಜರತ್ ಮುಖ ಆ ಕಡೆ ತಿರುಗಿಸಿ ಸ್ವಲ್ಪ ಹೊತ್ತು ಕೆಮ್ಮಿದರು. ಅದು ಕೆಮ್ಮಲ್ಲ ಎಂದು ಪ್ಯಾರೇಸಾಬನಿಗೂ ಗೊತ್ತಾಯಿತು.

"ಯಾಕೆ ಇದೆ ಅಂತ ಹೇಳಲಿ? ನೀವು ಕೊಟ್ಟಿದ್ದು ನಿಜ ತಾನೇ?"

"ಬಾಯಲ್ಲಿ ಕೊಟ್ಟೆ. ಮನಸ್ಸಲ್ಲಿ ಕೊಡಲಿಲ್ಲ. ಅಲ್ಲಾಹ್‌ಗೆ ನನ್ನ ನಿಯತ್ತು ಗೊತ್ತು."

"ಅಲ್ಲಾಹ್‌ಗೆ ಗೊತ್ತು. ಆದರೆ ಜಮಾತಿನ ಮಂದಿಗೆ ನೀವು ಬೇರೆ ಕಥೆ ಹೇಳಿದ್ದೀರಿ. ನಾಳೆ ಶುಕ್ರವಾರ. ಅವರ ಮುಂದೆ ನೀವೇ ಎದ್ದು ಹೇಳಿ. ಮುನಿಯಲ್ಲಮ್ಮನವರನ್ನೂ ಕರೆಸೋಣ. ಅವರು ತಗೊಂಡಿದ್ದಾರೋ ಇಲ್ಲವೋ ಅವರೇ ಹೇಳಬೇಕು."

ಶುಕ್ರವಾರ ನಮಾಜು ಮುಗಿದ ಮೇಲೆ ಯಾರೂ ಮನೆಗೆ ಹೋಗಲಿಲ್ಲ. ಮಸೀದಿಯ ಹೊರಗಿನ ಹೊಂಗೆ ಮರದ ಕೆಳಗೆ ಎಲ್ಲರೂ ಸೇರಿದರು. ಸುದ್ದಿ ತಿಳಿದು ಹೊಲದ ಕಡೆಯಿಂದ ರೈತರೂ ಬಂದರು. ಮುನಿಯಲ್ಲಮ್ಮ ಎಲೆ ಅಡಿಕೆ ಹಾಕಿಕೊಂಡು ಕಲ್ಲಿನ ಮೇಲೆ ಕೂತಿದ್ದಳು. ನಾಲ್ಕು ವರ್ಷದಿಂದ ಜಕಾತ್ ತಪ್ಪಿಸಿಕೊಂಡು ತಿರುಗಿದ ಪ್ಯಾರೇಸಾಬ ಅಷ್ಟು ಜನರ ಮುಂದೆ ನಿಂತು, ತಾನು ಜಕಾತ್ ಕೊಡಲೇಬೇಕಾದ ಮನುಷ್ಯ ಎಂದು ವಾದ ಮಾಡತೊಡಗಿದ.

"ಆ ಹನ್ನೊಂದೂ ನನ್ನವು. ಅವತ್ತೂ ನನ್ನವೇ. ವಾಪಸ್ ಬರ್ತವೆ ಅಂತಾನೇ ಕೊಟ್ಟೆ ಅಂದೆ. ಸುಳ್ಳು ಹೇಳಿದೆ. ಎಲ್ಲ ಸೇರಿ ಐವತ್ತು. ನಾನು ಕೊಡಬೇಕು."

"ಹೋದ ವಾರ ಕಾನೂನು ಅಂದ್ಯಲ್ಲೋ ಪ್ಯಾರೇ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ಹೋದ ವಾರ ಹೇಳಿದ್ದೆಲ್ಲ ಬಿಟ್ಟಾಕಿ!"

ಜನ ಬಿದ್ದು ಬಿದ್ದು ನಕ್ಕರು. ಹಜರತ್ ಮುನಿಯಲ್ಲಮ್ಮನ ಕಡೆ ತಿರುಗಿದರು. "ಅಮ್ಮಾ, ಅವತ್ತು ಇವರು ಕೊಟ್ಟೆ ಅಂದಾಗ ನೀವು ತಗೊಂಡೆ ಅಂದ್ರಾ?"

ಮುನಿಯಲ್ಲಮ್ಮ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾವಕಾಶವಾಗಿ ಸರಿಸಿದಳು.

"ನಾನ್ಯಾಕೆ ತಗೊಂಡೆ ಅನ್ಲಿ ಸ್ವಾಮಿ? ಮುದ್ದೆ ತಿರುವ್ತಾ ಇದ್ದೆ. ಇವರು ಬೇಲಿ ಹತ್ರ ನಿಂತು ಅರಚ್ತಾ ಇದ್ರು. ಪೀಡೆ ತೊಲಗಲಿ ಅಂತ 'ಸರ್ಲೇ ಪೋ' ಅಂದೆ. ಹೋಗು ಅಂದೆ, ಅಷ್ಟೇ. ಮೇಕೆ ಕೊಡು ಅಂದೆನಾ?"

"ಹಾಗಾದರೆ ಅವರು ಒಪ್ಪಲಿಲ್ಲ" ಅಂದರು ಹಜರತ್. "ಒಪ್ಪದೆ ಇದ್ದ ಮೇಲೆ ಕೊಟ್ಟದ್ದೂ ಆಗಲಿಲ್ಲ. ಹನ್ನೊಂದೂ ಪ್ಯಾರೇಸಾಬರವೇ. ಐವತ್ತು ಮೇಕೆ. ಜಕಾತ್ ಒಂದು ಮೇಕೆ."

"ಅಲ್‌ಹಮ್ದುಲಿಲ್ಲಾ!" ಎಂದು ಪ್ಯಾರೇಸಾಬ ಎರಡೂ ಕೈ ಎತ್ತಿದ. ಜಕಾತ್ ಬಿತ್ತೆಂದು ಇಷ್ಟು ಸಂತೋಷಪಟ್ಟವನನ್ನು ಆ ಜಮಾತು ಕಂಡಿರಲಿಲ್ಲ.

"ನನ್ನ ಸೊಪ್ಪು?" ಎಂದಳು ಮುನಿಯಲ್ಲಮ್ಮ.

"ಹಬ್ಬ ಮುಗಿದ ಮೇಲೆ ಎಂಟು ದಿನ ಗೊಬ್ಬರಕ್ಕೆ ಮಂದೆಯೆಲ್ಲ ನಿನ್ನ ಹೊಲದಲ್ಲೇ ನಿಲ್ಲಿಸ್ತೀನಕ್ಕ. ಬೇಲೀನೂ ನಾನೇ ಕಟ್ಟಿಕೊಡ್ತೀನಿ" ಎಂದ ಪ್ಯಾರೇಸಾಬ. ಅವಳು ಆಗಲಿ ಎಂಬಂತೆ ತಲೆಯಾಡಿಸಿದಳು. ಅವನು ಹಜರತ್ ಕಡೆ ತಿರುಗಿ ಮೆಲ್ಲಗೆ ಕೇಳಿದ. "ಎಂಬತ್ತಾದ್ರೆ ಎರಡಾಗ್ತದಲ್ಲ ಹಜರತ್?"

"ಇಲ್ಲ ಚಾಚಾ. ನೂರಾಇಪ್ಪತ್ತರವರೆಗೂ ಒಂದೇ."

ಎಂಬತ್ತು ದಾಟಿದ ಮೇಲೆ ಸಿಕ್ಕಿಬಿದ್ದರೆ ಎರಡು ಹೋದಾವೆಂಬ ಭಯದಲ್ಲಿ ಪ್ಯಾರೇಸಾಬ ವರ್ಷ ವರ್ಷ ಮರಿಗಳನ್ನು ಸಂತೆಗೆ ಹೊಡೆದು ಮಂದೆಯನ್ನು ಐವತ್ತರ ಆಸುಪಾಸಿನಲ್ಲೇ ನಿಲ್ಲಿಸಿದ್ದ. ನಾಲ್ಕು ವರ್ಷದ ಹಿಂದೆ ಮೌಲ್ವಿ ಅದನ್ನೂ ಹೇಳಿದ್ದರು, ಇವನು ಆಗ ದೊಡ್ಡಿಯಲ್ಲಿ ಎಣಿಸುತ್ತಿದ್ದ.

ಅಂದು ಸಂಜೆ ಹಜರತ್, ಖಾಸಿಂಬಿ ಇಬ್ಬರೂ ದೊಡ್ಡಿಯ ಹತ್ತಿರ ಬಂದರು. ಪ್ಯಾರೇಸಾಬ ಒಂದು ಕಾಲು ಕುಂಟುವ ಮುದಿ ಮೇಕೆಯನ್ನು ಮೊದಲೇ ಕಟ್ಟಿ ನಿಲ್ಲಿಸಿದ್ದ. ಖಾಸಿಂಬಿ ಬಗ್ಗಿ ಅದರ ತುಟಿ ಬಿಡಿಸಿ ಹಲ್ಲು ನೋಡಿದಳು.

"ಇದಕ್ಕೆ ನನಗಿಂತ ಕಮ್ಮಿ ಹಲ್ಲಿದೆ ಪ್ಯಾರೇ."

"ಖಾಲಾ, ಕೊಟ್ಟಿದ್ದನ್ನ ತಗೋಬೇಕು" ಎಂದು ಪ್ಯಾರೇಸಾಬ ಗೊಣಗಿದ.

"ನೀನು ಕೊಡೋಕೆ ಇದು ನಿಂದಲ್ಲ. ಐವತ್ತರಲ್ಲಿ ಒಂದು ನನ್ನಂಥೋಳದು, ನಿನ್ನ ಮಂದೇಲಿ ಸೇರ್ಕೊಂಡಿದೆ. ನನ್ನ ಮೇಕೆ ನಾನು ಹುಡುಕ್ತಾ ಇದ್ದೀನಿ" ಅಂದಳು ಖಾಸಿಂಬಿ. ಅವಳ ದನಿಯಲ್ಲಿ ಬೇಡುವ ಎಳೆಯೂ ಇರಲಿಲ್ಲ, ಜಗಳದ ಎಳೆಯೂ ಇರಲಿಲ್ಲ. ಮರೆತುಹೋದ ಚೊಂಬನ್ನು ಪಕ್ಕದ ಮನೆಯಿಂದ ವಾಪಸ್ ಕೇಳಲು ಬಂದವಳ ಹಾಗೆ ಮಾತಾಡಿದಳು.

ಪ್ಯಾರೇಸಾಬ ಹಜರತ್ ಮುಖ ನೋಡಿದ. ಅವರು ಹೌದೆಂದು ತಲೆಯಾಡಿಸಿದರು. "ಮುದಿಯಾದದ್ದು, ಕುಂಟಾದದ್ದು ಕೊಡೋ ಹಾಗಿಲ್ಲ. ಮಂದೆಯಲ್ಲೇ ಉತ್ತಮವಾದದ್ದು ಕೊಡಿ ಅಂತಾನೂ ಕೇಳೋ ಹಾಗಿಲ್ಲ. ನಡುವಿನದೊಂದು ಕೊಡಿ."

ಖಾಸಿಂಬಿ ಮಂದೆಯೊಳಗೆ ನಡೆದು ಹೋದಳು. ಕಣ್ಣಿಗೆ ಕಾಡಿಗೆ ಹಚ್ಚಿದಂತೆ ಕಪ್ಪು ಅಂಚಿದ್ದ ಕಂದು ಮೇಕೆಯೊಂದರ ಬೆನ್ನ ಮೇಲೆ ಕೈಯಿಟ್ಟಳು.

"ಸುರ್ಮಾ! ಅದು ನನ್ನ ಮಂದೇಲೇ ಉತ್ತಮ!" ಪ್ಯಾರೇಸಾಬ ಕಿರುಚಿದ.

"ಎಲ್ಲ ಮೇಕೇನೂ ನೀವು ಹಾಗೇ ಅಂತೀರಿ" ಎಂದು ಒಳಗಿನಿಂದ ಜೈತುನ್‌ಬಿಯ ದನಿ ಬಂತು. "ಹಾಲು ಅರ್ಧ ಸೇರು. ನಡುವಿಂದೇ."

ಸುರ್ಮಾ ಹೋಯಿತು. ಪ್ಯಾರೇಸಾಬ ಅವತ್ತು ರೋಜಾ ಬಿಡುವಾಗ ಖರ್ಜೂರವನ್ನು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡು ಕೂತಿದ್ದ.

ಆದರೆ ಜಕಾತಿನ ವಿಚಾರ ಮೇಕೆಗೆ ಯಾರೂ ತಿಳಿಸಿ ಹೇಳಿರಲಿಲ್ಲ. ಮಾರನೆಯ ದಿನ ಸಂಜೆ, ಮಂದೆ ಬಯಲಿನಿಂದ ಮನೆಗೆ ತಿರುಗುವ ಹೊತ್ತಿಗೆ, ಸುರ್ಮಾ ಹಗ್ಗ ಕಡಿದುಕೊಂಡು ಬಂದು ದೊಡ್ಡಿಯಲ್ಲಿ ತನ್ನ ಹಳೆಯ ಜಾಗದಲ್ಲಿ ನಿಂತಿತ್ತು. ಪ್ಯಾರೇಸಾಬನ ಎದೆ ಕುಣಿಯಿತು. "ನೋಡೇ, ಅದಾಗದೇ ಬಂತು. ನಾನೇನು ಕರೆದಿಲ್ಲ." ಜೈತುನ್‌ಬಿ ಮಾತಾಡದೆ ಬೀದಿಯ ಕೊನೆಯ ಕಡೆ ಬೆರಳು ತೋರಿಸಿದಳು. ಅವನು ಕಿವಿ ಹಿಡಿದು ಸುರ್ಮಾವನ್ನು ಎಳೆದುಕೊಂಡು ಹೋಗಿ ಖಾಸಿಂಬಿಯ ಮನೆ ಮುಂದೆ ಕಟ್ಟಿ ಬಂದ. ಬರುವಷ್ಟರಲ್ಲಿ ಅಜಾನ್ ಆಗಿ ಹೋಗಿತ್ತು.

ಮೂರನೆಯ ದಿನವೂ ಅದೇ. ನಾಲ್ಕನೆಯ ದಿನವೂ ಅದೇ. ಐದನೆಯ ದಿನ ಅವನು ಸುರ್ಮಾವನ್ನು ಗೂಟಕ್ಕೆ ಕಟ್ಟುತ್ತಿರುವಾಗಲೇ ಅಜಾನ್ ಕೇಳಿತು. ಖಾಸಿಂಬಿ ಒಳಗಿನಿಂದ ಒಂದು ಬಟ್ಟಲು ಗಂಜಿ ತಂದು ಅವನ ಮುಂದಿಟ್ಟಳು. "ಕೂತ್ಕೋ. ರೋಜಾ ಬಿಟ್ಟು ಹೋಗು." ಗಂಜಿಗೆ ಸುರ್ಮಾದ ಹಾಲನ್ನೇ ಹಾಕಿದ್ದಳು. ಆ ಹಾಲಿನ ರುಚಿ ಪ್ಯಾರೇಸಾಬನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ತಲೆ ಎತ್ತದೆ ಕುಡಿಯತೊಡಗಿದ.

"ವರ್ಷಕ್ಕೊಂದು ಸಲ ಜಕಾತ್ ಕೊಡೋರನ್ನ ನೋಡಿದ್ದೀನಿ. ಒಂದೇ ಮೇಕೇನ ದಿನಾ ಕೊಡೋನು ನೀನೊಬ್ನೇ" ಅಂದಳು ಖಾಸಿಂಬಿ. ಅವನಿಗೆ ನಗು ಬಂದು ಗಂಜಿ ನೆತ್ತಿಗೇರಿತು.

ಆಮೇಲೆ ಜೈತುನ್‌ಬಿ ಅವನ ಕೈಯಲ್ಲಿ ದಿನಾ ಏನಾದರೊಂದು ಕಳಿಸತೊಡಗಿದಳು. ಒಂದು ದಿನ ಸಮೋಸ, ಒಂದು ದಿನ ಎರಡು ಬಾಳೆಹಣ್ಣು. ಒಂದು ಕೈಯಲ್ಲಿ ಪಾತ್ರೆ, ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದು ಹೋಗುವ ಪ್ಯಾರೇಸಾಬನನ್ನು ಬೀದಿಯ ಜನ ನೋಡಿ ಹೊತ್ತು ತಿಳಿಯುತ್ತಿದ್ದರು.

ಹಬ್ಬಕ್ಕೆ ಇನ್ನು ಮೂರು ದಿನವಿರುವಾಗ, ಸುರ್ಮಾ ಗೂಟದ ಹತ್ತಿರ ಮಲಗಿ ಮೆಲುಕು ಹಾಕುತ್ತಿತ್ತು. ಅಂದು ಬೆಳಿಗ್ಗೆಯಿಂದ ಅದು ಎಲ್ಲಿಗೂ ಹೋಗಿರಲಿಲ್ಲ. ಆದರೂ ಪ್ಯಾರೇಸಾಬ ಹೊತ್ತಿಗೆ ಸರಿಯಾಗಿ ಬಂದು, ಅಲ್ಲೇ ಒಂದು ಬಟ್ಟಲು ಗಂಜಿ ಕುಡಿದು ರೋಜಾ ಬಿಟ್ಟ. ಮೇಕೆಯ ಮುಂದೆ ಬಿದ್ದಿದ್ದ ಸೊಪ್ಪನ್ನು ನೋಡಿ ಮುಖ ಸಿಂಡರಿಸಿದ.

"ಖಾಲಾ, ಇದಕ್ಕೆ ಈ ಸೊಪ್ಪು ಒಗ್ಗಲ್ಲ. ಹುಣಸೆ ಚಿಗುರು ಹಾಕು. ಹಾಲೂ ಜಾಸ್ತಿ ಆಗ್ತದೆ."

"ನನ್ನ ಮೇಕೆ. ಏನು ಹಾಕಬೇಕು ಅಂತ ನಂಗೊತ್ತು."

ಸುರ್ಮಾ ಅವನ ಕಡೆ ಒಮ್ಮೆ ನೋಡಿ, ಮತ್ತೆ ಖಾಸಿಂಬಿಯ ಕೈಯಲ್ಲಿದ್ದ ಸೊಪ್ಪಿನ ಕಡೆ ಕತ್ತು ಚಾಚಿತು.

"ಹೂಂ, ನಿಂದೇ" ಅಂದ ಅವನು. ಬಟ್ಟಲು ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿ, ನಮಾಜಿಗೆ ಹೊತ್ತಾಯಿತೆಂದು ಎದ್ದು ಹೊರಟ.